ಡಿಎಲ್‌ಎಲ್ ಕಾಣ್ತಿಲ್ಲ ಅಂದ್ರೆ ದುಡ್ಡು ಕೊಟ್ಟು ಫಿಕ್ಸರ್ ಹಾಕ್ಬೇಕಾ? ವಿಂಡೋಸ್ ಜೊತೆಗೇ ಬರೋ ಎಸ್‌ಎಫ್‌ಸಿ, ಡಿಸ್ಮ್ ರಿವ್ಯೂ

ಪೂರ್ತಿ ಓದೋಕೆ ಪುರುಸೊತ್ತಿಲ್ದೋರಿಗೆ ಮೊದಲೇ ಹೇಳ್ಬಿಡ್ತೀನಿ. ಮನೆ ಕಂಪ್ಯೂಟರಲ್ಲಿ ಇಂಥ ಡಿಎಲ್‌ಎಲ್, ಅಂದ್ರೆ ಪ್ರೋಗ್ರಾಮ್ ಓಡೋಕೆ ಬೇಕಾದ ಕೋಡ್ ಇರೋ ಫೈಲ್, ಸಿಗ್ಲಿಲ್ಲ ಅಂತ ಎರರ್ ಬಂದ್ರೆ ಹೊರಗಿಂದ ಯಾವ ಫಿಕ್ಸರ್ ಸಾಫ್ಟ್‌ವೇರೂ ಬೇಡ, ಆ ಒಂದು ಫೈಲನ್ನ ಎಲ್ಲಿಂದಲೋ ಇಳಿಸ್ಕೊಂಡು ಸಿಸ್ಟಮ್ ಫೋಲ್ಡರಿಗೆ ತುರುಕೋದಂತೂ ಬೇಡವೇ ಬೇಡ. ವಿಂಡೋಸ್ ಒಳಗೇ ಎಸ್‌ಎಫ್‌ಸಿ ಅಂತ ಒಂದು, ಡಿಸ್ಮ್ ಅಂತ ಇನ್ನೊಂದು ರಿಪೇರಿ ಟೂಲ್ ಇವೆ, ಜೊತೆಗೆ ಮೈಕ್ರೋಸಾಫ್ಟ್ ಫ್ರೀಯಾಗಿ ಕೊಡೋ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನೋ ಪ್ಯಾಕೇಜ್ ಇದೆ, ಮುಕ್ಕಾಲುವಾಸಿ ತಲೆನೋವು ಈ ಮೂರರಲ್ಲೇ ಮುಗಿಯತ್ತೆ. ಆದ್ರೆ ಯಾವ ಎರರ್‌ಗೆ ಯಾವ್ದು ಅನ್ನೋದು ಗೊತ್ತಿಲ್ದೆ ಎಲ್ಲಾನೂ ಸಾಲಾಗಿ ಓಡಿಸ್ತಾ ಹೋದ್ರೆ ಅರ್ಧ ದಿನ ಹೋಗತ್ತೆ, ಎರರ್ ಮಾತ್ರ ಅಲ್ಲೇ ಇರತ್ತೆ. ಅದಕ್ಕೇ ಇಷ್ಟುದ್ದ ಬರೀತಿರೋದು.

ಎರರ್ ಬಾಕ್ಸ್ ಬಂದ ತಕ್ಷಣ ಓಕೆ ಒತ್ತಿ ಮುಚ್ಚಬೇಡಿ. ಬಾಕ್ಸ್‌ನ ಮೇಲ್ಗಡೆ ಪಟ್ಟಿಯಲ್ಲಿ ಯಾವ ಪ್ರೋಗ್ರಾಮ್ ಕೇಳ್ತಿದೆ ಅಂತ ಇರತ್ತೆ, ಒಳಗೆ ಯಾವ ಫೈಲ್ ಸಿಕ್ಕಿಲ್ಲ ಅಂತ ಇರತ್ತೆ, ಎರಡನ್ನೂ ಬರ್ಕೊಳ್ಳಿ ಇಲ್ಲಾ ಒಂದು ಫೋಟೋ ತೆಗೆದಿಟ್ಕೊಳ್ಳಿ. ಯಾಕಂದ್ರೆ ಇಲ್ಲಿ ಕೇಳ್ಬೇಕಾದ ಮೊದಲ ಪ್ರಶ್ನೆ ಈ ಫೈಲನ್ನ ಎಲ್ಲಿಂದ ತರೋದು ಅಂತಲ್ಲ, ಈ ಫೈಲ್ ಯಾರದ್ದು ಅಂತ. ಡಿಎಲ್‌ಎಲ್ ಅನ್ನೋದು ಒಂಟಿಯಾಗಿ ಬರೋ ವಸ್ತು ಅಲ್ಲ, ಅದು ಯಾವುದೋ ಒಂದು ಪ್ಯಾಕೇಜಿನ ಭಾಗ. ವಿಂಡೋಸ್‌ದಾಗಿರಬಹುದು, ಆ ಪ್ರೋಗ್ರಾಮಿನ ಸ್ವಂತದ್ದಾಗಿರಬಹುದು, ಇಲ್ಲಾ ಹತ್ತಾರು ಪ್ರೋಗ್ರಾಮ್‌ಗಳು ಹಂಚ್ಕೊಂಡು ಬಳಸೋ ರನ್‌ಟೈಮ್ ಅನ್ನೋ ಫೈಲ್‌ಗಳ ಕಟ್ಟಿನದ್ದಾಗಿರಬಹುದು. ಯಾರದ್ದು ಅಂತ ಗೊತ್ತಾದ್ರೆ ರಿಪೇರಿ ದಾರಿ ಅಲ್ಲೇ ಗೊತ್ತಾಗತ್ತೆ.

ಇದರಲ್ಲಿ ಜನ ಅತೀ ಹೆಚ್ಚು ನೋಡೋದು ಮೂರನೇ ಜಾತಿ. ಎಂಎಸ್‌ವಿಸಿಪಿ140, ವಿಸಿರನ್‌ಟೈಮ್140, ಈ ಥರ ಹೆಸರು ಬಂದ್ರೆ ಕಣ್ಮುಚ್ಕೊಂಡು ಹೇಳಬಹುದು, ಅದು ವಿಷುವಲ್ ಸಿ ಪ್ಲಸ್ ಪ್ಲಸ್ 2015ರಿಂದ ಈಚಿನ ರನ್‌ಟೈಮ್‌ದು, ಮೇಲೆ ಹೇಳಿದ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜ್ ಹಾಕೋದು ಇದನ್ನೇ. ಹೆಸರಿನ ಕೊನೇಲಿರೋ ನಂಬರೇ ಸುಳಿವು. ಎಂಎಸ್‌ವಿಸಿಆರ್90 ಅಂದ್ರೆ 2008ರದ್ದು, 100 ಅಂದ್ರೆ 2010ರದ್ದು, 110 ಅಂದ್ರೆ 2012ರದ್ದು, 120 ಅಂದ್ರೆ 2013ರದ್ದು, 140 ಬಂದ್ಮೇಲೆ 2015, 2017, 2019, 2022 ಎಲ್ಲಾ ಸೇರಿ ಒಂದೇ ಪ್ಯಾಕೇಜ್. ನೋಡಿ, ಇದನ್ನ ತಿಳ್ಕೊಂಡಿರೋದ್ರಿಂದ ಏನು ಲಾಭ ಅಂದ್ರೆ, 2022ರದ್ದು ಹಾಕಿದೀನಿ ಆದ್ರೂ ಎಂಎಸ್‌ವಿಸಿಆರ್100 ಇಲ್ಲ ಅಂತಿದೆ ಅಂತ ಕೂಗಾಡೋರು ತುಂಬಾ ಜನ ಇದಾರೆ, ಹೊಸದ್ರಲ್ಲಿ ಹಳೇದು ಇರಲ್ಲ, 2010ರದ್ದನ್ನ ಬೇರೆಯಾಗಿ ಹಾಕ್ಲೇಬೇಕು. ಇದರ ಉಲ್ಟಾ ಕೇಸೂ ಇದೆ. ವಿಸಿರನ್‌ಟೈಮ್140 ಆದ್ಮೇಲೆ ಒಂದು ಅಂಡರ್‌ಸ್ಕೋರು, ಒಂದು 1 ಇರೋ ಫೈಲ್ ಇದೆ, ಅದು 2019ರ ಹೊತ್ತಿಗೆ ಸೇರಿದ್ದು, ಅದೂ 64 ಬಿಟ್‌ಗೆ ಮಾತ್ರ. ಎಂದೋ 2015ರದ್ದು ಹಾಕಿ ಸುಮ್ನಾಗಿರೋ ಕಂಪ್ಯೂಟರಲ್ಲಿ ರೀಡಿಸ್ಟ್ರಿಬ್ಯೂಟಬಲ್ ಇದೆ ಅಂತಲೇ ಲಿಸ್ಟ್ ತೋರಿಸತ್ತೆ, ಆ ಫೈಲ್ ಮಾತ್ರ ಇರಲ್ಲ. ಈಗಿನದ್ದನ್ನ ಅದರ ಮೇಲೇ ಹಾಕಿದ್ರೆ ಆಯ್ತು.

ಹಾಕುವಾಗ ಎಕ್ಸ್86 (32 ಬಿಟ್‌ದು), ಎಕ್ಸ್64 (64 ಬಿಟ್‌ದು) ಎರಡನ್ನೂ ಹಾಕಿ. ನಂದು 64 ಬಿಟ್ ವಿಂಡೋಸ್, ಎಕ್ಸ್64 ಒಂದೇ ಸಾಕು ಅನ್ಕೋಬೇಡಿ, ಕಂಪ್ಯೂಟರ್ 64 ಬಿಟ್ ಆಗಿದ್ರೂ ಅದರಲ್ಲಿ ಓಡೋ ಪ್ರೋಗ್ರಾಮ್ 32 ಬಿಟ್ ಇರಬಹುದು, ಅದಕ್ಕೆ 32 ಬಿಟ್‌ನ ಡಿಎಲ್‌ಎಲ್ಲೇ ಬೇಕು. ಇನ್ನೊಂದು, ಆಪ್ಸ್ ಲಿಸ್ಟಲ್ಲಿ ಈ ರೀಡಿಸ್ಟ್ರಿಬ್ಯೂಟಬಲ್‌ಗಳು ಒಂದರ ಕೆಳಗೊಂದು ಎಂಟೋ ಹತ್ತೋ ಸಾಲಾಗಿ ಕಾಣತ್ತೆ, ಡೂಪ್ಲಿಕೇಟ್ ಇರಬೇಕು ಅಂತ ಕ್ಲೀನ್ ಮಾಡೋ ಉತ್ಸಾಹ ಕೆಲವರಿಗೆ ಬರತ್ತೆ. ದಯವಿಟ್ಟು ಮುಟ್ಟಬೇಡಿ. ಎಷ್ಟೋ ಎರರ್‌ಗಳ ಮೂಲ ಈ ಕ್ಲೀನಿಂಗೇ.

ಈ ಪ್ಯಾಕೇಜಿಗೆ ನನ್ನ ಮಾರ್ಕ್ಸ್ ಹತ್ತಕ್ಕೆ ಒಂಬತ್ತು. ಚಿಕ್ಕ ಡೌನ್‌ಲೋಡು, ಒಂದು ರೀಸ್ಟಾರ್ಟು, ಅಷ್ಟೆ. ಒಂದು ಮಾರ್ಕ್ ಕಳೆದಿದ್ದು ಯಾಕಂದ್ರೆ ಎರರ್ ಬಾಕ್ಸಲ್ಲಿ ಈ ಪ್ಯಾಕೇಜಿನ ಹೆಸರೇ ಇರಲ್ಲ, ಪ್ರೋಗ್ರಾಮನ್ನ ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಸರಿಹೋಗಬಹುದು ಅಂತ ಒಂದು ಸಾಲು ಹೇಳಿ ಕೈ ತೊಳ್ಕೊಳತ್ತೆ. ಆ ಒಂದು ಸಾಲಲ್ಲಿ ಪ್ಯಾಕೇಜಿನ ಹೆಸರು ಹಾಕಿದ್ರೆ ಡಿಎಲ್‌ಎಲ್ ಸೈಟುಗಳ ಅರ್ಧ ವ್ಯಾಪಾರ ನಿಂತೋಗ್ತಿತ್ತು ಅನ್ಸತ್ತೆ.

ಗೇಮ್ ಆಡೋರಿಗೆ ಬೇರೆ ಹೆಸರುಗಳು ಬರ್ತವೆ, ಡಿ3ಡಿಎಕ್ಸ್9 ಆಮೇಲೆ 43 ಅಂತಲೋ, ಎಕ್ಸ್‌ಇನ್‌ಪುಟ್1 ಆಮೇಲೆ 3 ಅಂತಲೋ. ಇವು ಗೇಮ್‌ಗಳ ಗ್ರಾಫಿಕ್ಸ್, ಸೌಂಡ್ ಎಲ್ಲಾ ನೋಡ್ಕೊಳ್ಳೋ ಡೈರೆಕ್ಟ್‌ಎಕ್ಸ್ ಅನ್ನೋ ಮೈಕ್ರೋಸಾಫ್ಟ್ ಕಟ್ಟಿನವು. ನನ್ ಹತ್ರ ಡೈರೆಕ್ಟ್‌ಎಕ್ಸ್ 12 ಇದೆ, ಇದ್ಯಾಕೆ ಹಳೇದು ಕೇಳ್ತಿದೆ ಅಂದ್ರೆ, ಆ 12ರ ಜೊತೆಗೆ ಈ ಹಳೇ ಫೈಲ್‌ಗಳು ಬರಲ್ಲ, ಅವಕ್ಕೆ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್, 2010ರ ಜೂನ್‌ದು, ಅದೇ ಬೇಕು. ಅದನ್ನ ಹಾಕಿದ್ರೆ ಇರೋ ಡೈರೆಕ್ಟ್‌ಎಕ್ಸ್ ಹಳೇದಾಗಿಬಿಡಲ್ಲ, ಇಲ್ದಿರೋ ಫೈಲ್‌ಗಳು ಪಕ್ಕಕ್ಕೆ ಸೇರತ್ತೆ ಅಷ್ಟೆ. ಎಷ್ಟೋ ಗೇಮ್‌ಗಳು ತಮ್ಮ ಫೋಲ್ಡರ್ ಒಳಗೇ ರೀಡಿಸ್ಟ್ ಅಂತ ಒಂದು ಫೋಲ್ಡರಲ್ಲಿ ಇವನ್ನೆಲ್ಲಾ ಇಟ್ಕೊಂಡಿರ್ತವೆ, ಮೊದಲು ಅಲ್ಲಿ ನೋಡಿ. ಸ್ಟೀಮಲ್ಲಿ ತಗೊಂಡ ಗೇಮಾದ್ರೆ ಪ್ರಾಪರ್ಟೀಸಲ್ಲಿ ಫೈಲ್‌ಗಳನ್ನ ಪರೀಕ್ಷೆ ಮಾಡೋ ಆಪ್ಷನ್ ಇದೆ, ಹೋಗಿರೋ ಫೈಲ್ ಮಾತ್ರ ಮತ್ತೆ ಇಳಿಸ್ಕೊಳತ್ತೆ. ಕ್ರ್ಯಾಕ್ ಮಾಡಿದ ಗೇಮಲ್ಲಿ ಡಿಎಲ್‌ಎಲ್ ಕಾಣೆ ಅಂತ ಬಂದ್ರೆ ಅದನ್ನ ಬಹುಮಟ್ಟಿಗೆ ಆಂಟಿವೈರಸ್ಸೇ ಎತ್ತಿಟ್ಟಿರತ್ತೆ, ಎತ್ತಿಟ್ಟಿದ್ದಕ್ಕೆ ಕಾರಣಾನೂ ಇರತ್ತೆ, ಅದರ ಬಗ್ಗೆ ಇನ್ನೇನು ಹೇಳಲಿ.

ಆಂಟಿವೈರಸ್ ಮಾತು ಬಂತಲ್ಲ, ನೆಟ್ಟಗಿರೋ ಪ್ರೋಗ್ರಾಮಿನ ಫೈಲನ್ನೂ ಅದು ಕೆಲವೊಮ್ಮೆ ತಪ್ಪಾಗಿ ಕ್ವಾರಂಟೈನ್ ಮಾಡತ್ತೆ. ನಿನ್ನೆವರೆಗೂ ಚೆನ್ನಾಗಿ ಓಡ್ತಿದ್ದಿದ್ದು ಇವತ್ತು ಫೈಲಿಲ್ಲ ಅಂದ್ರೆ ವಿಂಡೋಸ್ ಸೆಕ್ಯುರಿಟಿ ತೆಗೆದು ಪ್ರೊಟೆಕ್ಷನ್ ಹಿಸ್ಟರಿ ಒಂದ್ಸಲ ನೋಡಿ. ಅಲ್ಲಿ ಆ ಹೆಸರಿದ್ರೆ, ಪ್ರೋಗ್ರಾಮ್ ಎಲ್ಲಿಂದ ಬಂತು ಅನ್ನೋದು ನಿಮಗೆ ಖಾತ್ರಿ ಇದ್ರೆ ಮಾತ್ರ ವಾಪಸ್ ತರಿಸ್ಕೊಳ್ಳಿ, ಅನುಮಾನ ಇದ್ರೆ ಪ್ರೋಗ್ರಾಮನ್ನೇ ತೆಗೆದು ಅದರ ಅಧಿಕೃತ ಸೈಟಿಂದ ಹೊಸದಾಗಿ ಹಾಕಿ.

ಇನ್ನು ಎಸ್‌ಎಫ್‌ಸಿ. ಪೂರ್ತಿ ಹೆಸರು ಸಿಸ್ಟಮ್ ಫೈಲ್ ಚೆಕರ್. ಇದು ಹೊಸದೇನಲ್ಲ, ವಿಂಡೋಸ್ 98 ಕಾಲದಿಂದ ಇದೆ, ಎಕ್ಸ್‌ಪಿ ಕಾಲದಲ್ಲಿ ಓಡಿಸಿದ್ರೆ ಇನ್‌ಸ್ಟಾಲೇಷನ್ ಸಿಡಿ ಹಾಕು ಅಂತ ಕೇಳ್ತಿತ್ತು, ಸಿಡಿ ಎಲ್ಲಿಟ್ಟಿದೀವಿ ಅಂತ ಮನೆಯೆಲ್ಲಾ ಹುಡುಕ್ಬೇಕಿತ್ತು. ವಿಸ್ತಾದಿಂದ ಈಚೆಗೆ ವಿಂಡೋಸ್ ತನ್ನ ಫೈಲ್‌ಗಳ ಒಳ್ಳೆ ಕಾಪಿಗಳನ್ನ ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಫೋಲ್ಡರಲ್ಲಿ ತಾನೇ ಇಟ್ಕೊಂಡಿರತ್ತೆ, ಇದನ್ನೇ ಕಾಂಪೊನೆಂಟ್ ಸ್ಟೋರ್ ಅನ್ನೋದು. ಎಸ್‌ಎಫ್‌ಸಿ ಏನ್ಮಾಡತ್ತೆ ಅಂದ್ರೆ ವಿಂಡೋಸ್ ಕಾಯ್ತಿರೋ ಒಂದೊಂದು ಸಿಸ್ಟಮ್ ಫೈಲನ್ನೂ ತಾಳೆ ನೋಡ್ತಾ ಹೋಗತ್ತೆ, ಕೆಟ್ಟಿದ್ರೆ ಇಲ್ಲಾ ಕಾಣ್ತಿಲ್ಲ ಅಂದ್ರೆ ಆ ಸ್ಟೋರಿಂದ ತೆಗೆದು ಹಾಕತ್ತೆ. ಅಂದಹಾಗೆ ಆ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಭಾರೀ ದಪ್ಪ ಕಾಣತ್ತೆ, ಜಾಗ ಉಳಿಸೋಣ ಅಂತ ಅದರೊಳಗೆ ಕೈ ಹಾಕಿ ಡಿಲೀಟ್ ಮಾಡೋ ಕೆಲಸ ಮಾತ್ರ ಮಾಡಬೇಡಿ. ಒಂದೇ ಫೈಲ್ ಎರಡು ಕಡೆ ಕಾಣೋ ಹಾಗೆ ಹಾರ್ಡ್ ಲಿಂಕ್ ಇರೋದ್ರಿಂದ ಅಷ್ಟು ದೊಡ್ಡದಾಗಿ ಲೆಕ್ಕ ತೋರಿಸ್ತಿರತ್ತೆ, ನಿಜಕ್ಕೂ ತಿಂತಿರೋ ಜಾಗ ಅದಕ್ಕಿಂತ ಕಮ್ಮಿ.

ಓಡಿಸೋದು ಹೇಗೆ ಅಂದ್ರೆ, ಸ್ಟಾರ್ಟ್ ಮೆನುವಲ್ಲಿ ಸಿಎಂಡಿ ಅಂತ ಹುಡುಕಿ, ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡಿ. ಸುಮ್ನೆ ಎಂಟರ್ ಹೊಡೆದು ತೆಗೆದ್ರೆ ಅಡ್ಮಿನ್ ಅಲ್ಲ ನೀನು ಅಂತ ವಾಪಸ್ ಕಳಿಸತ್ತೆ. ಆಮೇಲೆ ಎಸ್‌ಎಫ್‌ಸಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದಕ್ಕೆ ಅಂಟಿಕೊಂಡು ಸ್ಕ್ಯಾನ್‌ನೌ ಅಂತ ಒಂದೇ ಪದವಾಗಿ, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಸ್ಪೇಸ್ ಸ್ಲ್ಯಾಶ್‌ಗಿಂತ ಮುಂಚೆ ಮಾತ್ರ, ಆಮೇಲೆ ಇಲ್ಲ. ಕಪ್ಪು ಕಿಟಕಿಯಲ್ಲಿ ಪರ್ಸೆಂಟೇಜ್ ಏರ್ತಾ ಹೋಗತ್ತೆ, ಒಂದೇ ಸಮ ಏರಲ್ಲ, ಸ್ವಲ್ಪ ಓಡತ್ತೆ, ಎಲ್ಲೋ ಒಂದು ಕಡೆ ನಿಂತು ಆಡ್ಲೋ ಬೇಡ್ವೋ ಅಂತ ಯೋಚಿಸತ್ತೆ, ಮತ್ತೆ ಓಡತ್ತೆ. ನಿಂತಿದೆ ಅಂತ ಕಿಟಕಿ ಮುಚ್ಚಬೇಡಿ. ಇನ್ನೊಂದು ತಮಾಷೆ, ಆ ಕಪ್ಪು ಜಾಗದ ಮೇಲೆ ಮೌಸಲ್ಲಿ ಕ್ಲಿಕ್ ಆಗಿ ಅಕ್ಷರ ಸೆಲೆಕ್ಟ್ ಆದ್ರೆ ಕಿಟಕಿ ಅಲ್ಲೇ ಸ್ತಬ್ಧ ಆಗಿ ಕೂರತ್ತೆ, ಹ್ಯಾಂಗ್ ಆಯ್ತು ಅಂತ ಗಾಬರಿ ಬೇಡ, ಎಂಟರ್ ಒತ್ತಿ, ಮುಂದುವರಿಯತ್ತೆ.

ಕೊನೆಗೆ ಬರೋ ಉತ್ತರ ಮುಖ್ಯವಾಗಿ ಮೂರು ಥರ. ಏನೂ ಕೆಟ್ಟಿಲ್ಲ ಅಂದ್ರೆ ನಿಮ್ಮ ಎರರ್ ವಿಂಡೋಸ್ ಫೈಲಿಂದು ಅಲ್ಲ ಅಂತ ತಿಳ್ಕೊಳ್ಳಿ, ಮೇಲೆ ಹೇಳಿದ ರನ್‌ಟೈಮ್ ಕಡೆ ಹೋಗಿ. ಕೆಟ್ಟಿತ್ತು ಸರಿ ಮಾಡ್ದೆ ಅಂದ್ರೆ ರೀಸ್ಟಾರ್ಟ್ ಮಾಡಿ ನೋಡಿ. ಕೆಟ್ಟಿದೆ ಆದ್ರೆ ಕೆಲವನ್ನ ಸರಿ ಮಾಡೋಕಾಗ್ಲಿಲ್ಲ ಅಂತ ಬಂದ್ರೆ ಆ ಒಳ್ಳೆ ಕಾಪಿ ಇಟ್ಟಿರೋ ಸ್ಟೋರೇ ಹಾಳಾಗಿರೋ ಸಾಧ್ಯತೆ, ಆಗ ಡಿಸ್ಮ್ ಬೇಕು. ರಿಪೇರಿ ಒಂದು ಬಾಕಿ ಇದೆ ರೀಬೂಟ್ ಮಾಡು ಅಂತಲೂ ಒಮ್ಮೊಮ್ಮೆ ಬರತ್ತೆ, ಅದಕ್ಕೆ ರೀಬೂಟೇ ಮದ್ದು. ಯಾವ ಫೈಲ್ ಏನಾಯ್ತು ಅಂತ ವಿವರ ಬೇಕಂದ್ರೆ ವಿಂಡೋಸ್ ಫೋಲ್ಡರ್ ಒಳಗೆ ಲಾಗ್ಸ್, ಅದರೊಳಗೆ ಸಿಬಿಎಸ್, ಅಲ್ಲಿ ಅದೇ ಹೆಸರಿನ ಲಾಗ್ ಫೈಲ್ ಇರತ್ತೆ. ತೆಗೆದ್ರೆ ತಲೆ ತಿರುಗತ್ತೆ, ಸಾವಿರಾರು ಸಾಲು, ಅದರಲ್ಲಿ ಚೌಕ ಬ್ರಾಕೆಟ್ ಒಳಗೆ ಎಸ್‌ಆರ್ ಅಂತಿರೋ ಸಾಲುಗಳು ಮಾತ್ರ ಎಸ್‌ಎಫ್‌ಸಿದು, ನೋಟ್‌ಪ್ಯಾಡಲ್ಲಿ ಅದನ್ನ ಹುಡುಕ್ತಾ ಹೋದ್ರೆ ಸಾಕು.

ಎಸ್‌ಎಫ್‌ಸಿಗೆ ಹತ್ತಕ್ಕೆ ಏಳು ಕೊಡ್ತೀನಿ. ಅದರ ಕೆಲಸ ಅದು ನೆಟ್ಟಗೆ ಮಾಡತ್ತೆ, ನಿಮ್ಮ ಫೋಟೋ ಡಾಕ್ಯುಮೆಂಟ್ ಯಾವುದನ್ನೂ ಮುಟ್ಟಲ್ಲ, ಪದೇ ಪದೇ ಓಡಿಸಿದ್ರೂ ನಷ್ಟ ಇಲ್ಲ. ಮಾರ್ಕ್ಸ್ ಕಳೆದಿರೋದು ಅದು ಮಾತಾಡೋ ರೀತಿಗೆ. ಯಾವ ಫೈಲ್ ಕೆಟ್ಟಿತ್ತು ಅಂತ ತೆರೆ ಮೇಲೆ ಹೇಳಲ್ಲ, ಮುಂದೆ ಏನ್ ಮಾಡ್ಬೇಕು ಅಂತಲೂ ಹೇಳಲ್ಲ, ಸರ್ಕಾರಿ ಕಚೇರಿ ನೋಟಿಸ್ ಥರ ಒಂದು ಸಾಲು ಅಂಟಿಸಿ ಹೋಗ್ಬಿಡತ್ತೆ.

ಡಿಸ್ಮ್ ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹೋಗಿ ಕೆಲಸ ಮಾಡತ್ತೆ. ಇದು ಆ ಕಾಂಪೊನೆಂಟ್ ಸ್ಟೋರನ್ನೇ ರಿಪೇರಿ ಮಾಡೋದು, ಬೇಕಾದ ಫೈಲನ್ನ ವಿಂಡೋಸ್ ಅಪ್‌ಡೇಟ್ ಮೂಲಕ ಇಳಿಸ್ಕೊಳತ್ತೆ, ಹಾಗಾಗಿ ಇಂಟರ್‌ನೆಟ್ ಇರ್ಬೇಕು. ವಿಂಡೋಸ್ 8ರಿಂದ ಈಚಿನದಕ್ಕೆ ಮಾತ್ರ ಈ ಸೌಲಭ್ಯ. ಕಮಾಂಡು ಸ್ವಲ್ಪ ಉದ್ದ, ಡಿಸ್ಮ್, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ರಿಸ್ಟೋರ್‌ಹೆಲ್ತ್. ಆ ಆನ್‌ಲೈನ್ ಅನ್ನೋದನ್ನ ನೋಡಿ ಇಂಟರ್‌ನೆಟ್ ಬಗ್ಗೆ ಇರಬೇಕು ಅನ್ಕೋತಾರೆ, ಹಾಗಲ್ಲ, ಈಗ ಓಡ್ತಿರೋ ಈ ವಿಂಡೋಸನ್ನೇ ರಿಪೇರಿ ಮಾಡು ಅಂತ ಅರ್ಥ. ಬರೀ ಪರೀಕ್ಷೆ ಸಾಕು ರಿಪೇರಿ ಬೇಡ ಅಂದ್ರೆ ಕೊನೆ ಪದದ ಜಾಗದಲ್ಲಿ ಸ್ಕ್ಯಾನ್‌ಹೆಲ್ತ್ ಅಂತ ಕೊಡಬಹುದು. ಮೈಕ್ರೋಸಾಫ್ಟೇ ಹೇಳೋ ಕ್ರಮ ಮೊದಲು ಡಿಸ್ಮ್, ಆಮೇಲೆ ಎಸ್‌ಎಫ್‌ಸಿ. ಲಾಜಿಕ್ಕೂ ಸರಿಯಾಗೇ ಇದೆ, ಉಗ್ರಾಣ ಸರಿ ಇದ್ರೆ ತಾನೆ ಅಲ್ಲಿಂದ ಸಾಮಾನು ತೆಗೆದು ಕೊಡೋಕಾಗೋದು. ಆದ್ರೆ ಮನೆಯಲ್ಲಿ ನಾನು ಮೊದಲು ಎಸ್‌ಎಫ್‌ಸಿ ಓಡಿಸ್ತೀನಿ, ಅದು ಕೈ ಚೆಲ್ಲಿದ್ರೆ ಡಿಸ್ಮ್, ಆಮೇಲೆ ಮತ್ತೆ ಎಸ್‌ಎಫ್‌ಸಿ. ಸಣ್ಣ ತೊಂದರೆ ಆದ್ರೆ ಬೇಗ ಮುಗಿಯತ್ತೆ ಅನ್ನೋದಷ್ಟೆ ನನ್ನ ಲೆಕ್ಕ. ಮರೀಬಾರದ್ದು ಏನಂದ್ರೆ ಡಿಸ್ಮ್ ಯಶಸ್ವಿ ಅಂದ ಮಾತ್ರಕ್ಕೆ ಕೆಲಸ ಮುಗೀಲಿಲ್ಲ, ಅದಾದ್ಮೇಲೆ ಎಸ್‌ಎಫ್‌ಸಿ ಓಡಿಸಿದ್ರೇನೇ ಕೆಟ್ಟ ಫೈಲ್ ಬದಲಾಗೋದು. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿ ಡಿಸ್ಮ್ ವೇಸ್ಟು ಅಂತಾರೆ.

ಡಿಸ್ಮ್‌ದು ಪರ್ಸೆಂಟೇಜ್ ಎಸ್‌ಎಫ್‌ಸಿಗಿಂತ ಮೊಂಡು, ಒಂದೇ ಕಡೆ ತುಂಬಾ ಹೊತ್ತು ನಿಲ್ಲತ್ತೆ, ಬಿಟ್ಟು ಬೇರೆ ಕೆಲಸ ನೋಡ್ಕೊಳ್ಳಿ. ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿರಿ. ಸೋರ್ಸ್ ಫೈಲ್ ಸಿಗ್ಲಿಲ್ಲ ಅಂತ 0ಎಕ್ಸ್800ಎಫ್081ಎಫ್ ಅನ್ನೋ ಎರರ್ ಕೊಟ್ರೆ ವಿಂಡೋಸ್‌ನ ಐಎಸ್‌ಓ (ಇನ್‌ಸ್ಟಾಲ್ ಡಿಸ್ಕ್ ಪೂರ್ತಿ ಒಂದೇ ಫೈಲಾಗಿ ಇರೋದು) ಇಳಿಸಿ ಅದನ್ನ ಸೋರ್ಸ್ ಅಂತ ತೋರಿಸಬಹುದು, ಆದ್ರೆ ನಿಮ್ಮ ವಿಂಡೋಸ್ ವರ್ಷನ್ನೂ ಐಎಸ್‌ಓ ವರ್ಷನ್ನೂ ಒಂದೇ ಇರ್ಬೇಕು, ಒಳಗಿರೋ ಇನ್‌ಸ್ಟಾಲ್ ಫೈಲ್ ವಿಮ್ ಇದ್ಯಾ ಇಎಸ್‌ಡಿ ಇದ್ಯಾ ನೋಡ್ಬೇಕು, ಇಂಡೆಕ್ಸ್ ನಂಬರ್ ಕೊಡ್ಬೇಕು. ಇದು ಮನೆ ಬಳಕೆದಾರರಿಗೆ ಸಲೀಸಾದ ಕೆಲಸ ಅಲ್ಲ, ನನ್ನ ಅಭಿಪ್ರಾಯದಲ್ಲಿ ಈ ಹಂತಕ್ಕೆ ಬಂದ್ರೆ ಆ ಗುದ್ದಾಟ ಬಿಟ್ಟು ಕೆಳಗೆ ಹೇಳಿರೋ ರಿಪೇರಿ ಇನ್‌ಸ್ಟಾಲ್‌ಗೆ ಹೋಗೋದೇ ವಾಸಿ. ಡಿಸ್ಮ್‌ಗೆ ಹತ್ತಕ್ಕೆ ಆರೂವರೆ.

ಈಗ ದುಡ್ಡಿನ ಫಿಕ್ಸರ್‌ಗಳ ಕಥೆ. ಡಿಎಲ್‌ಎಲ್ ಹೆಸರು ಹಾಕಿ ಹುಡುಕಿದ್ರೆ ಪಕ್ಕದಲ್ಲೇ ಇಂಥವು ಬಂದು ನಿಲ್ತವೆ, ಹೆಸರು ಹೇಳಲ್ಲ, ಎಲ್ಲಾ ಒಂದೇ ಅಚ್ಚು. ವಿಂಡೋಸ್ ಪ್ರೋ ಇದ್ರೆ ಅದರಲ್ಲಿ ವಿಂಡೋಸ್ ಸ್ಯಾಂಡ್‌ಬಾಕ್ಸ್ ಅಂತ ಒಂದು ಫೀಚರ್ ಇದೆ, ಆನ್ ಮಾಡಿ ತೆಗೆದ್ರೆ ಪ್ರತಿಸಲ ಹೊಚ್ಚ ಹೊಸ ಖಾಲಿ ವಿಂಡೋಸ್ ಬರತ್ತೆ, ಮುಚ್ಚಿದ್ರೆ ಒಳಗಿರೋದೆಲ್ಲಾ ಅಳಿಸಿಹೋಗತ್ತೆ. ಅದರೊಳಗೆ ಇಂಥ ಒಂದು ಫಿಕ್ಸರ್ ಹಾಕಿ ನೋಡ್ದೆ. ಏನೂ ಇನ್‌ಸ್ಟಾಲ್ ಆಗಿರದ, ಆಗಷ್ಟೇ ಹುಟ್ಟಿದ ವಿಂಡೋಸಲ್ಲಿ ಕೆಂಪು ಬಣ್ಣದಲ್ಲಿ ನೂರಾರು ಸಮಸ್ಯೆ ತೋರಿಸ್ತು, ಅದರಲ್ಲೂ ಹೆಚ್ಚಿನವು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡೋ ಜಾಗ) ಎಂಟ್ರಿ, ಟೆಂಪರರಿ ಫೈಲ್, ಬ್ರೌಸರ್ ಕುಕ್ಕಿ. ಡಿಎಲ್‌ಎಲ್‌ಗೂ ಕುಕ್ಕಿಗೂ ಎತ್ತಣಿಂದೆತ್ತ ಸಂಬಂಧ? ಎಲ್ಲಾ ಸರಿಮಾಡು ಅನ್ನೋ ಬಟನ್ ಒತ್ತಿದ್ರೆ ಕಾರ್ಡ್ ನಂಬರ್ ಕೇಳೋ ಪೇಜ್, ಕೆಳಗೆ ಸಣ್ಣಕ್ಷರದಲ್ಲಿ ಚಂದಾ ವರ್ಷವರ್ಷ ತಾನಾಗೇ ಮುಂದುವರಿಯತ್ತೆ ಅನ್ನೋ ಷರತ್ತು. ಇನ್ನು ಟಾಸ್ಕ್ ಬಾರ್ ಮೂಲೆಯಲ್ಲಿ ಕೂತು ಆಗಾಗ ಹೆದರಿಸೋದು ಬೇರೆ. ಸೊನ್ನೆ ಕೊಡ್ತೀನಿ, ಅದಕ್ಕಿಂತ ಕೆಳಗೆ ಹೋಗೋಕಾಗಲ್ಲ ಅಂತ.

ಇದು ನನ್ನೊಬ್ಬನ ಸಿಡಿಮಿಡಿ ಅಲ್ಲ. ಫ್ರೀ ಸ್ಕ್ಯಾನ್ ಮಾಡಿ ಹೆದರಿಸಿ ದುಡ್ಡು ಕೀಳೋ ಕ್ಲೀನರ್, ಆಪ್ಟಿಮೈಸರ್‌ಗಳನ್ನ ಬೇಡದ ಸಾಫ್ಟ್‌ವೇರ್ ಅಂತಲೇ ಪರಿಗಣಿಸಿ ತೆಗೆದುಹಾಕ್ತೀವಿ ಅಂತ ಮೈಕ್ರೋಸಾಫ್ಟ್ 2018ರಲ್ಲೇ ಘೋಷಿಸಿತ್ತು, ರಿಜಿಸ್ಟ್ರಿ ಕ್ಲೀನರ್ ಬಳಕೆಯನ್ನ ಬೆಂಬಲಿಸಲ್ಲ ಅನ್ನೋದೂ ಅವರ ಲಿಖಿತ ನಿಲುವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಇಂಥ ರಿಪೇರಿ ಸಾಫ್ಟ್‌ವೇರ್ ಮಾರ್ತಿದ್ದ ಎರಡು ಕಂಪನಿಗಳ ಮೇಲೆ ದೂರು ಹಾಕಿ, ಚೆನ್ನಾಗಿದ್ದ ಕಂಪ್ಯೂಟರಲ್ಲೂ ಅವು ಸಮಸ್ಯೆ ತೋರಿಸ್ತಿದ್ವು ಅಂತ ಆರೋಪಿಸಿತ್ತು, 2024ರ ಮಾರ್ಚಲ್ಲಿ ಅವು 2.6 ಕೋಟಿ ಡಾಲರ್ ಕಟ್ಟಿ ರಾಜಿ ಮಾಡ್ಕೊಂಡ್ವು.

ಒಂದೇ ಒಂದು ಡಿಎಲ್‌ಎಲ್ ಕೊಡೋ ಸೈಟ್‌ಗಳು ಇದಕ್ಕಿಂತ ಅಪಾಯ, ಯಾಕಂದ್ರೆ ಫ್ರೀ. ಡಿಎಲ್‌ಎಲ್ ಅಂದ್ರೆ ಡೇಟಾ ಅಲ್ಲ, ಓಡೋ ಕೋಡ್, ಅದನ್ನ ಕರೆದ ಪ್ರೋಗ್ರಾಮಿಗೆ ಏನೇನು ಅಧಿಕಾರ ಇದ್ಯೋ ಅಷ್ಟೂ ಅದಕ್ಕೂ ಸಿಗತ್ತೆ. ಕಳ್ಳ ಕೋಡ್ ಇಲ್ದೆ ಇದ್ರೂ ವರ್ಷನ್ ಬೇರೆ ಇರಬಹುದು, 32 ಬಿಟ್ ಬೇಕಾದ ಕಡೆ 64 ಇರಬಹುದು, ಆಗ ಫೈಲಿಲ್ಲ ಅನ್ನೋ ಎರರ್ ಹೋಗಿ 0ಎಕ್ಸ್‌ಸಿ000007ಬಿ ಅಂತ ಅದಕ್ಕಿಂತ ಒಗಟಾದ ಎರರ್ ಬರತ್ತೆ. ಇಲ್ಲೊಂದು ಹಳೇ ಗೊಂದಲಾನೂ ಇದೆ, 64 ಬಿಟ್ ವಿಂಡೋಸಲ್ಲಿ ಸಿಸ್ಟಮ್32 ಅನ್ನೋ ಫೋಲ್ಡರಲ್ಲಿ ಇರೋದು 64 ಬಿಟ್ ಫೈಲ್‌ಗಳು, ಸಿಸ್‌ವಾವ್64 ಅನ್ನೋದ್ರಲ್ಲಿ ಇರೋದು 32 ಬಿಟ್‌ವು. ಹೆಸರು ನೋಡಿ ಫೈಲ್ ಹಾಕೋರು ನೂರಕ್ಕೆ ನೂರು ತಪ್ಪು ಫೋಲ್ಡರಿಗೆ ಹಾಕ್ತಾರೆ. ಒಂದು ಡಿಎಲ್‌ಎಲ್ ಮೇಲೆ ಅನುಮಾನ ಇದ್ರೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ಇದ್ರೆ ಸಹಿ ಯಾರದ್ದು ಅಂತ ನೋಡಿ. ಟ್ಯಾಬ್ ಇಲ್ಲ ಅಂದ ಮಾತ್ರಕ್ಕೆ ಕಳ್ಳ ಅಂತಲ್ಲ, ಆದ್ರೆ ಮೈಕ್ರೋಸಾಫ್ಟ್ ರನ್‌ಟೈಮ್ ಅಂತ ಹೇಳ್ಕೊಂಡು ಬಂದ ಫೈಲಲ್ಲಿ ಮೈಕ್ರೋಸಾಫ್ಟ್ ಸಹಿನೇ ಇಲ್ಲ ಅಂದ್ರೆ ತಕ್ಷಣ ಕಸಕ್ಕೆ ಹಾಕಿ.

ರೆಗ್‌ಎಸ್‌ವಿಆರ್32 ಅಂತ ಕಮಾಂಡ್ ಕೊಟ್ಟು ಡಿಎಲ್‌ಎಲ್ ರಿಜಿಸ್ಟರ್ ಮಾಡಿ ಅನ್ನೋ ಸಲಹೆ ಎಲ್ಲಾ ಕಡೆ ಕಾಪಿ ಆಗ್ತಾ ಇರತ್ತೆ. ಅದು ಕೆಲವೊಂದು ಜಾತಿ ಡಿಎಲ್‌ಎಲ್‌ಗೆ ಮಾತ್ರ, ವಿಸಿರನ್‌ಟೈಮ್ ಥರದ್ದಕ್ಕೆ ಎಂಟ್ರಿ ಪಾಯಿಂಟ್ ಇಲ್ಲ ಅಂತ ಉತ್ತರ ಬರತ್ತೆ, ಬಿಟ್ಟಾಕಿ. ಅದೇ ಥರ ಬ್ರೌಸರಲ್ಲಿ ದಿಢೀರಂತ ಪೂರ್ತಿ ತೆರೆ ತುಂಬಿ ಸಿಸ್ಟಮ್ ಫೈಲ್ ಹೋಗಿದೆ ಈ ನಂಬರಿಗೆ ಫೋನ್ ಮಾಡಿ ಅಂತ ಬಂದ್ರೆ ಅದು ಮೋಸ, ಮೈಕ್ರೋಸಾಫ್ಟಿನ ಎರರ್ ಮೆಸೇಜಲ್ಲಿ ಫೋನ್ ನಂಬರ್ ಇರೋದೇ ಇಲ್ಲ.

ಕಂಪ್ಯೂಟರ್ ಬೂಟೇ ಆಗ್ತಿಲ್ಲ ಅಂದ್ರೆ? ಎಕ್ಸ್‌ಪಿ ಕಾಲದಲ್ಲಿ ಎನ್‌ಟಿಎಲ್‌ಡಿಆರ್ (ವಿಂಡೋಸನ್ನ ಶುರು ಮಾಡೋ ಫೈಲ್) ಮಿಸ್ಸಿಂಗ್ ಅಂತ ಬರ್ತಿತ್ತು, ವಿಸ್ತಾ ಆದ್ಮೇಲೆ ಆ ಜಾಗಕ್ಕೆ ಬೂಟ್‌ಎಂಜಿಆರ್ ಬಂತು. ಇಂಥದ್ದು ಕಂಡಾಗ ಮೊದಲು ಮಾಡ್ಬೇಕಾದ್ದು ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲಾ ಕಿತ್ತು ಮತ್ತೆ ಆನ್ ಮಾಡೋದು, ಎಷ್ಟೋ ಸಲ ಕಂಪ್ಯೂಟರ್ ಆ ಪೆನ್‌ಡ್ರೈವಿಂದ ಬೂಟ್ ಆಗೋಕೆ ಒದ್ದಾಡ್ತಿರತ್ತೆ ಅಷ್ಟೆ. ಅದಲ್ಲ ಅಂದ್ರೆ ರಿಕವರಿ ಪರದೆಗೆ ಹೋಗ್ಬೇಕು, ಬೂಟ್ ಪದೇ ಪದೇ ಫೇಲ್ ಆದ್ರೆ ಅದು ತಾನಾಗೇ ಬರತ್ತೆ. ಅಲ್ಲಿ ಸ್ಟಾರ್ಟಪ್ ರಿಪೇರಿ ಮೊದಲು ಕೊಟ್ಟು ನೋಡಿ. ಅಲ್ಲಿನ ಕಮಾಂಡ್ ಪ್ರಾಂಪ್ಟಲ್ಲೂ ಎಸ್‌ಎಫ್‌ಸಿ ಓಡಿಸಬಹುದು, ಆದ್ರೆ ಯಾವ ಡ್ರೈವಲ್ಲಿರೋ ವಿಂಡೋಸ್ ಅಂತ ಆಫ್‌ಬೂಟ್‌ಡಿರ್, ಆಫ್‌ವಿನ್‌ಡಿರ್ ಅಂತ ಎರಡು ಸ್ವಿಚ್ ಜೊತೆ ಹೇಳ್ಬೇಕು, ಮತ್ತೆ ಅಲ್ಲಿ ನಿಮ್ಮ ಸಿ ಡ್ರೈವ್ ಡಿ ಆಗಿ ಕಾಣಬಹುದು, ಮೊದಲು ಡಿಐಆರ್ ಕೊಟ್ಟು ವಿಂಡೋಸ್ ಫೋಲ್ಡರ್ ಯಾವುದ್ರಲ್ಲಿದೆ ನೋಡ್ಕೊಳ್ಳಿ. ಡ್ರೈವಿಗೆ ಬೀಗ ಹಾಕೋ ಬಿಟ್‌ಲಾಕರ್ ಅನ್ನೋ ಎನ್‌ಕ್ರಿಪ್ಷನ್ ಆನ್ ಇದ್ರೆ ಡ್ರೈವ್ ತೆಗೆಯೋಕೆ 48 ಅಂಕಿಯ ರಿಕವರಿ ಕೀ ಕೇಳತ್ತೆ. ಎಷ್ಟೋ ಲ್ಯಾಪ್‌ಟಾಪಲ್ಲಿ ಇದು ನಿಮಗೆ ಗೊತ್ತಿಲ್ದೇ ಆನ್ ಆಗಿರತ್ತೆ, ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೇವ್ ಆಗಿರತ್ತೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನ ಒಂದು ಪೇಪರಲ್ಲಿ ಬರೆದಿಟ್ಕೊಳ್ಳಿ.

ರಿಪೇರಿ ಇನ್‌ಸ್ಟಾಲ್ ಅಂದ್ನಲ್ಲ, ಅದು ನನ್ನ ಫೇವರಿಟ್. ಮೈಕ್ರೋಸಾಫ್ಟ್ ಸೈಟಿಂದ ನಿಮ್ಮದೇ ವಿಂಡೋಸ್‌ನ ಐಎಸ್‌ಓ ಇಳಿಸಿ, ವಿಂಡೋಸ್ ಓಡ್ತಿರುವಾಗಲೇ ಅದನ್ನ ಡಬಲ್ ಕ್ಲಿಕ್ ಮಾಡಿ ಒಳಗಿನ ಸೆಟಪ್ ಓಡಿಸಿದ್ರೆ, ಫೈಲ್ ಮತ್ತು ಆಪ್ಸ್ ಎರಡನ್ನೂ ಉಳಿಸ್ಕೋ ಅಂತ ಆರಿಸಿದ್ರೆ, ಸಿಸ್ಟಮ್ ಫೈಲ್ ಪೂರ್ತಿ ಹೊಸದಾಗಿ ಬರತ್ತೆ, ನಿಮ್ಮ ಸಾಮಾನೆಲ್ಲಾ ಇದ್ದಲ್ಲೇ ಇರತ್ತೆ. ಆ ಉಳಿಸ್ಕೋ ಅನ್ನೋ ಆಯ್ಕೆ ಮಂಕಾಗಿದ್ದು ಒತ್ತೋಕಾಗ್ತಿಲ್ಲ ಅಂದ್ರೆ ಮುಂದುವರೀಬೇಡಿ, ಎಡಿಷನ್ನೋ ಭಾಷೆನೋ ಹೊಂದ್ತಿಲ್ಲ ಅಂತರ್ಥ. ವಿಂಡೋಸ್ 11ರ ಈಚಿನ ವರ್ಷನ್‌ಗಳಲ್ಲಿ ಐಎಸ್‌ಓ ರಗಳೆನೂ ಬೇಡ, ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ ವಿಂಡೋಸ್ ಅಪ್‌ಡೇಟ್ ಬಳಸಿ ಸಮಸ್ಯೆ ಸರಿಪಡಿಸೋ ಆಯ್ಕೆ ಕೊಟ್ಟಿದಾರೆ, ಇದೇ ಕೆಲಸ ಒಂದು ಬಟನಲ್ಲಿ. ಹತ್ತಕ್ಕೆ ಒಂಬತ್ತೂವರೆ ಕಣ್ರೀ ಇದಕ್ಕೆ. ರೀಸೆಟ್ ದಿಸ್ ಪಿಸಿ ಬೇರೆ, ಅದರಲ್ಲಿ ಫೈಲ್ ಉಳಿಸ್ಕೋ ಅಂದ್ರೂ ಹಾಕಿದ್ದ ಪ್ರೋಗ್ರಾಮ್‌ಗಳು ಹೋಗತ್ತೆ, ಹೆಸರು ನೋಡಿ ಗೊಂದಲ ಮಾಡ್ಕೋಬೇಡಿ. ಸಿಸ್ಟಮ್ ರಿಸ್ಟೋರ್ ಒಳ್ಳೇದೇ, ಆದ್ರೆ ಅದು ಮೊದಲೇ ಆನ್ ಇದ್ದು ರಿಸ್ಟೋರ್ ಪಾಯಿಂಟ್ ಇದ್ರೆ ತಾನೆ, ಎಷ್ಟೋ ಮಷೀನಲ್ಲಿ ಆಫ್ ಆಗೇ ಇರತ್ತೆ. ಇವತ್ತೇ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಅಂತ ಹುಡುಕಿ ಸಿ ಡ್ರೈವ್‌ಗೆ ಆನ್ ಮಾಡಿಡಿ.

ಕೊನೇದು, ಇದನ್ನ ಯಾರೂ ಹೇಳಲ್ಲ. ಎಸ್‌ಎಫ್‌ಸಿ ಸರಿ ಮಾಡ್ದೆ ಅಂತು, ಸ್ವಲ್ಪ ದಿನಕ್ಕೆ ಮತ್ತೆ ಬೇರೆ ಫೈಲ್ ಕೆಟ್ಟಿದೆ ಅಂತು, ಮತ್ತೆ ಸರಿ ಮಾಡ್ತು, ಮತ್ತೆ ಕೆಡ್ತು, ಹೀಗಾಗ್ತಿದ್ರೆ ಫೈಲ್ ರಿಪೇರಿ ನಿಲ್ಲಿಸಿ. ಫೈಲ್ ಸುಮ್ಸುಮ್ನೆ ಕೆಡಲ್ಲ, ಡ್ರೈವ್ ಸಾಯ್ತಿರಬೇಕು ಇಲ್ಲಾ ರ‍್ಯಾಮ್ ಕೆಟ್ಟಿರಬೇಕು. ಮೊದಲು ಮುಖ್ಯವಾದ ಫೈಲೆಲ್ಲಾ ಬೇರೆ ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ, ಆಮೇಲೆ ಡ್ರೈವ್ ಪರೀಕ್ಷೆ ಮಾಡೋ ಚೆಕ್‌ಡಿಸ್ಕ್ ಅನ್ನೋ ಕಮಾಂಡ್, ಈ ಕ್ರಮ ಉಲ್ಟಾ ಆಗ್ಬಾರದು, ಯಾಕಂದ್ರೆ ಸ್ಲ್ಯಾಶ್ ಆರ್ ಕೊಟ್ಟ ಚೆಕ್‌ಡಿಸ್ಕ್ ಇಡೀ ಡ್ರೈವನ್ನ ಮೂಲೆಮೂಲೆಗೂ ಓದತ್ತೆ, ಕೊನೆ ಉಸಿರು ಎಳೀತಿರೋ ಡ್ರೈವಿಗೆ ಆ ದಣಿವೇ ಸಾಕು. ರ‍್ಯಾಮ್‌ಗೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಸ್ಟಾರ್ಟ್ ಮೆನುವಲ್ಲೇ ಸಿಗತ್ತೆ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ನೀಲಿ ಪರದೆಯಲ್ಲಿ ಪರೀಕ್ಷೆ ನಡೆಯತ್ತೆ, ರಾತ್ರಿ ಮಲಗೋ ಮುಂಚೆ ಹಾಕಿಟ್ರೆ ಬೆಳಗ್ಗೆ ರಿಸಲ್ಟ್ ನೋಡ್ಕೋಬಹುದು.